ಟೀಚರಮ್ಮ ಹೇಳಿಕೊಟ್ಟ ‘ಬರ್ತೀನಿ’

ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಇದನ್ನು ಟೀಚರಮ್ಮನಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಚಿಕ್ಕವಳಿದ್ದಾಗ ಒಮ್ಮೆ ಬಾಯಿ ತಪ್ಪಿ ‘ಸ್ಕೂಲಿಗೆ ಹೋಗ್ತೀನಿ’ ಎಂದದ್ದಕ್ಕೆ ಅಕ್ಕ ತಲೆಗೆ ಮೊಟಕಿದ್ದಳು. ಪಾಠ ಅಷ್ಟಕ್ಕೇ ಮುಗಿದಿತ್ತು. ಮುಂದೆ ಅವಳು ಬೈಬಲ್ ಶಾಲೆಯಲ್ಲಿ ಓದಿದಳು, ಮಿಷನ್‌ನವರು ಎಲ್ಲಿಗೆ ಕಳಿಸಿದರೂ ಸರಿ ಎಂದು ಒಪ್ಪಿದಳು, ಕಡಲು ದಾಟಿ ಬಂದು ಈ ಪರದೇಶದ ಚರ್ಚಿನ ಶಿಶುವಿಹಾರದಲ್ಲಿ ಚಿಳ್ಳೆಪಿಳ್ಳೆಗಳಿಗೆ ಟೀಚರ್ ಆದಳು. ಆದರೂ ಆ ಮೊಟಕು ಅವಳ ತಲೆಯಲ್ಲಿ ಹಾಗೇ ಉಳಿದಿತ್ತು.

ಇಲ್ಲಿಯ ಭಾಷೆ ಕಲಿಯಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಹೇಗೋ ವ್ಯಾಕರಣ ಬಂತು, ಪ್ರಾರ್ಥನೆ ಬಂತು, ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವುದೂ ಬಂತು. ಒಂದು ಮಾತ್ರ ನಾಲಿಗೆಗೆ ಹತ್ತಲೇ ಇಲ್ಲ. ಈ ಊರಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುತ್ತಾರೆ, ಉಳಿಯುವವರು ‘ಹೋಗು’ ಅನ್ನುತ್ತಾರೆ. ಅದರಲ್ಲಿ ಕೋಪವೂ ಇಲ್ಲ, ಮುನಿಸೂ ಇಲ್ಲ. ಮೊದಲ ದಿನ ಶಾಲೆಯ ಆಯಾ ಸಂಜೆ ಚೀಲ ಹೆಗಲಿಗೇರಿಸಿ ‘ನಾನು ಹೋಗ್ತೀನಿ’ ಎಂದಾಗ, ಅವಳು ಕೆಲಸವನ್ನೇ ಬಿಟ್ಟು ಹೊರಟಳೆಂದು ಟೀಚರಮ್ಮ ಗಾಬರಿಬಿದ್ದು, ಕೈ ಹಿಡಿದುಕೊಂಡು, ‘ನನ್ನಿಂದ ಏನು ತಪ್ಪಾಯ್ತು, ಹೇಳಿ’ ಎಂದು ಗೋಗರೆದಿದ್ದಳು. ಆಯಾ ಅದನ್ನು ಈಗಲೂ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ನಗುತ್ತಾಳೆ.

ಶಕುನ ಗಿಕುನ ನಂಬಬೇಡಿ ಎಂದು ಭಾನುವಾರ ಭಾನುವಾರ ಮಕ್ಕಳಿಗೆ ಹೇಳುವವಳೇ ಟೀಚರಮ್ಮ. ಆದರೂ ಪುಟ್ಟ ಪುಟ್ಟ ಬಾಯಿಗಳು ಸಾಲಾಗಿ ನಿಂತು ‘ಹೋಗ್ತೀವಿ ಟೀಚರ್’ ಅಂದರೆ ಅವಳ ಎದೆ ಚುರ್ ಅನ್ನುತ್ತಿತ್ತು. ಅದಕ್ಕೇ ತನ್ನ ತರಗತಿಯಲ್ಲಿ ಬೇರೆ ಕಾನೂನು ತಂದಳು. ಮನೆಗೆ ಹೊರಡುವಾಗ ಅವರ ಭಾಷೆಯಲ್ಲೇ ‘ಬರ್ತೀವಿ’ ಅನ್ನಬೇಕು, ಅದಕ್ಕೆ ಅವಳು ‘ಹೋಗಿ ಬನ್ನಿ’ ಅನ್ನುತ್ತಾಳೆ. ಮಕ್ಕಳಿಗೆ ಇದು ಕುಣಿಯುವಷ್ಟು ಖುಷಿ ಕೊಟ್ಟಿತು. ಹೋಗುತ್ತಾ ಹೋಗುತ್ತಾ ‘ಬರ್ತೀವಿ’ ಅನ್ನುವುದಕ್ಕಿಂತ ದೊಡ್ಡ ತಮಾಷೆ ಅವರಿಗೆ ಇನ್ನೊಂದಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಬಂದೇ ಬರುತ್ತಿದ್ದರು, ಆದ್ದರಿಂದ ಅದು ಸುಳ್ಳೂ ಆಗಿರಲಿಲ್ಲ.

ಅವಳ ವಾಸ ಶಾಲೆಯ ಮೇಲಿನ ಒಂದೇ ಕೋಣೆಯಲ್ಲಿ. ಒಂದು ಮಂಚ, ಒಂದು ಒಲೆ, ಒಂದು ಕುರ್ಚಿ, ಕೆಳಗಿನ ಗೇಟು ಪೂರ್ತಿ ಕಾಣುವ ಒಂದು ಕಿಟಕಿ. ಬೆಳಿಗ್ಗೆ ಎದ್ದು ಪ್ರಾರ್ಥನೆ ಮುಗಿಸಿ, ಚಹಾ ಕುಡಿದು, ಮೆಟ್ಟಿಲಿಳಿದು ಬೀಗ ತೆಗೆದರೆ ಮತ್ತೆ ಸಂಜೆಯವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಮೊಣಕಾಲೆತ್ತರದ ಕುರ್ಚಿಗಳನ್ನು ಒರೆಸಬೇಕು, ಬಣ್ಣದ ಬಟ್ಟಲುಗಳನ್ನು ತುಂಬಬೇಕು. ಒಬ್ಬನ ಮೂಗು, ಇನ್ನೊಬ್ಬಳ ಚಡ್ಡಿ, ಮತ್ತೊಬ್ಬನ ಷೂ ಲೇಸು. ತಿಂಡಿಗೆ ಮುಂಚೆ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿಸುವಾಗ ಒಂದು ಕಣ್ಣು ತೆರೆದೇ ಇರಬೇಕು, ಇಲ್ಲದಿದ್ದರೆ ಪಕ್ಕದವನ ಬಿಸ್ಕತ್ತು ಮಾಯ. ಹಾಗಾಗಿ ಟೀಚರಮ್ಮ ಎಷ್ಟೋ ವರ್ಷಗಳಿಂದ ಹಗಲುಹೊತ್ತು ಎರಡೂ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದೇ ಇಲ್ಲ.

ಆ ಮಕ್ಕಳಲ್ಲಿ ಒಬ್ಬಳಿದ್ದಳು. ಏನು ಹೇಳಿದರೂ ‘ಯಾಕೆ?’ ಅನ್ನುವವಳು. ಕೈ ತೊಳಿ ಅಂದರೆ ಯಾಕೆ, ಮಲಗು ಅಂದರೆ ಯಾಕೆ, ದೇವರು ಪ್ರಪಂಚ ಸೃಷ್ಟಿಸಿದ ಅಂದರೂ ಯಾಕೆ. ಟೀಚರಮ್ಮ ಅವಳಿಗೆ ಮನಸ್ಸಿನಲ್ಲೇ ‘ಯಾಕಮ್ಮ’ ಎಂದು ಹೆಸರಿಟ್ಟು, ಊರಿನ ಅಕ್ಕನಿಗೆ ಫೋನ್ ಮಾಡಿದಾಗಲೆಲ್ಲ ಅವಳ ಸುದ್ದಿ ಹೇಳಿ ನಗಿಸುತ್ತಿದ್ದಳು. ಟೀಚರಮ್ಮನನ್ನು ತಾಯಿಯಂತೆ ಸಾಕಿದವಳೇ ಆ ಅಕ್ಕ. “ನಿನಗೆ ತಕ್ಕ ಶಿಷ್ಯೆ ಬಿಡೇ. ಚಿಕ್ಕವಳಿದ್ದಾಗ ನನ್ನ ತಲೆ ಎಷ್ಟು ತಿಂದಿದ್ದೀಯ!” ಎನ್ನುತ್ತಿದ್ದಳು.

ಒಂದು ಚಳಿಯ ಬೆಳಿಗ್ಗೆ ಯಾಕಮ್ಮನನ್ನು ಶಾಲೆಗೆ ಕರೆದುಕೊಂಡು ಬಂದ ಅವಳ ತಾಯಿಯ ಇನ್ನೊಂದು ಕೈಯಲ್ಲಿ ಸೂಟ್‌ಕೇಸಿತ್ತು. ಗೇಟಿನಾಚೆ ಟ್ಯಾಕ್ಸಿ ನಿಂತಿತ್ತು. ಆ ಹೆಂಗಸು ಟೀಚರಮ್ಮನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: ಬೇರೆ ಊರಲ್ಲಿ ಒಬ್ಬರನ್ನು ಮದುವೆಯಾಗುತ್ತಿದ್ದಾಳೆ, ಅವರಿಗೆ ಮಗು ಬೇಡ. ಇನ್ನು ಮೇಲೆ ಅಜ್ಜಿಯೇ ಮಗುವನ್ನು ನೋಡಿಕೊಳ್ಳುತ್ತಾಳೆ. ಮಗುವಿಗೆ ಏನೋ ವಾಸನೆ ಬಡಿದಿರಬೇಕು. ಅಮ್ಮನ ಕೋಟಿನ ತುದಿಯನ್ನು ಎರಡೂ ಕೈಯಿಂದ ಹಿಡಿದು, ಊರೇ ಒಂದಾಗುವಂತೆ ಕಿರುಚತೊಡಗಿತು.

ಒಳಗೆ ಯಾರೋ ನೀಲಿ ಬಣ್ಣದ ಬಟ್ಟಲು ಕೆಡವಿದ್ದರು. ಆಯಾ ಅಂದು ಬಂದಿರಲಿಲ್ಲ. ಟ್ಯಾಕ್ಸಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಟೀಚರಮ್ಮನಿಗೆ ಆ ಹೊತ್ತಿಗೆ ಬೇಕಾಗಿದ್ದು ಒಂದೇ, ಆ ಕಿರುಚಾಟ ನಿಲ್ಲಬೇಕು. ಅವಳು ತಾಯಿಯ ಕಿವಿಯಲ್ಲಿ ಉಸುರಿದಳು, “‘ಬರ್ತೀನಿ’ ಅನ್ನಿ, ಸಾಕು. ಬಿಟ್ಟುಬಿಡ್ತಾಳೆ.”

ತಾಯಿ ತಬ್ಬಿಬ್ಬಾಗಿ ನೋಡಿದಳು. “ಆದ್ರೆ ನಾನು ಬರಲ್ಲ, ಟೀಚರ್.”

“ಅಯ್ಯೋ, ಅದು ಬರೀ ಮಾತು. ನಮ್ಮಲ್ಲಿ ಎಲ್ಲರೂ ಹಾಗೇ ಅನ್ನೋದು.”

ಆ ಹೆಂಗಸು ಬಗ್ಗಿ, ಮಗಳ ಕೆನ್ನೆ ಹಿಡಿದು, “ಬರ್ತೀನಿ” ಎಂದಳು. ಹಾಗನ್ನುವಾಗ ಅವಳ ಕಣ್ಣು ಮಗಳ ಮೇಲಿರಲಿಲ್ಲ, ಟೀಚರಮ್ಮನ ಮೇಲಿತ್ತು. ಯಾಕಮ್ಮ ಕೋಟಿನ ತುದಿ ಬಿಟ್ಟಳು. ಮೂಗು ಸೊರಸೊರ ಎಳೆದುಕೊಳ್ಳುತ್ತಾ, ಕಲಿತ ಪಾಠ ಒಪ್ಪಿಸುವವಳ ಹಾಗೆ “ಹೋಗಿ ಬಾ” ಎಂದಳು. ಮೊದಲ ಬಾರಿಗೆ ಯಾಕೆ ಅಂತ ಕೇಳಲಿಲ್ಲ. ಟ್ಯಾಕ್ಸಿ ಹೊರಟಿತು, ಟೀಚರಮ್ಮ ನೆಲಕ್ಕೆ ಚೆಲ್ಲಿದ ನೀಲಿ ಬಣ್ಣ ಒರೆಸಲು ಒಳಗೆ ಓಡಿದಳು.

ಆ ವಾರದ ಪ್ರಾರ್ಥನಾ ಕೂಟದಲ್ಲಿ ಅವಳು ಇದನ್ನೇ ದೇವರ ಉಪಕಾರಕ್ಕೆ ಸಾಕ್ಷಿಯಾಗಿ ಹೇಳಿಕೊಂಡಳು. ತಾಯಿ ಮಗಳನ್ನು ಬೇರೆ ಮಾಡುವ ಅಂಥ ಕಷ್ಟದ ಗಳಿಗೆಯನ್ನು ದೇವರು ಹೇಗೆ ಹೂವೆತ್ತಿದಂತೆ ಹಗುರಮಾಡಿದ ಎಂದಳು. ತಾನು ಕಿವಿಯಲ್ಲಿ ಉಸುರಿದ್ದನ್ನು ಮಾತ್ರ ಹೇಳಲಿಲ್ಲ. ಎಲ್ಲರೂ ಆಮೆನ್ ಎಂದರು. ಪಾದ್ರಿಗಳು, “ಮಕ್ಕಳನ್ನು ಸುಮ್ಮನಾಗಿಸೋ ವರ ಕೊಟ್ಟಿದ್ದಾನಮ್ಮ ನಿನಗೆ” ಎಂದು ಮೆಚ್ಚಿಕೊಂಡರು. ಟೀಚರಮ್ಮ ನಾಚಿ ತಲೆ ತಗ್ಗಿಸಿದಳು. ಆ ತಲೆ ಬೇರೆ ಕಾರಣಕ್ಕೆ ತಗ್ಗುವ ದಿನ ದೂರವಿರಲಿಲ್ಲ.

ಯಾಕಮ್ಮ ಕೋಟು ಬಿಚ್ಚುವುದನ್ನು ನಿಲ್ಲಿಸಿದಳು. ಹೀಟರಿನ ಪಕ್ಕ ಬೆವರಿ ನೀರಾದರೂ ಗುಂಡಿ ಮುಟ್ಟಲು ಬಿಡುತ್ತಿರಲಿಲ್ಲ. ಬಣ್ಣ ಬಳಿಯುವಾಗಲೂ ಕೋಟು, ಮಧ್ಯಾಹ್ನ ಮಲಗಿದಾಗಲೂ ಕೋಟು. “ಅಮ್ಮ ಬಂದ ತಕ್ಷಣ ಹೊರಡಬೇಕಲ್ಲ” ಎನ್ನುತ್ತಿದ್ದಳು. ತಿಂಡಿಗೆ ಕೊಟ್ಟ ಎರಡು ಬಿಸ್ಕತ್ತಿನಲ್ಲಿ ಒಂದು ಜೇಬಿಗೆ ಹೋಗುತ್ತಿತ್ತು. ಶಾಲೆ ಬಿಟ್ಟ ಮೇಲೆ ಷೂ ಹಾಕಿಕೊಳ್ಳುವ ಬೆಂಚಿನ ಮೇಲೆ ಗೇಟಿಗೆ ಮುಖಮಾಡಿ ಕೂತುಬಿಡುತ್ತಿದ್ದಳು. ಮಂಡಿನೋವಿನ ಅಜ್ಜಿ ಬಂದು ಕರೆದು, ಬೇಡಿ, ಕೊನೆಗೆ ಎಳೆದುಕೊಂಡೇ ಹೋಗಬೇಕಿತ್ತು.

“ಮನೆಗೆ ಹೋಗಿರು ಪುಟ್ಟಿ” ಎಂದಳು ಒಂದು ದಿನ ಟೀಚರಮ್ಮ, ಆದಷ್ಟು ನಯವಾಗಿ.

“ಅಮ್ಮ ಬರ್ತೀನಿ ಅಂದಿದ್ದು ಇಲ್ಲಿ. ನಾನು ಇಲ್ದೇ ಇದ್ರೆ ಹುಡುಕ್ತಾಳೆ.”

ಟೀಚರಮ್ಮ ಬೇರೆ ಕೆಲಸವಿದ್ದವಳಂತೆ ಒಳಗೆ ಹೋಗಿ, ಒರೆಸಿದ ಕುರ್ಚಿಗಳನ್ನೇ ಮತ್ತೆ ಒರೆಸಿದಳು.

ಅದಕ್ಕಿಂತ ಹೆಚ್ಚು ಅವಳನ್ನು ಸುಟ್ಟದ್ದು ಅಜ್ಜಿಯ ಮಾತು. ಬೆಂಚಿನ ತುದಿಗೆ ಮಂಡಿ ನೀವಿಕೊಳ್ಳುತ್ತಾ ಕೂತು ಆ ಮುದುಕಿ ಹೇಳಿದಳು, “ನನ್ನ ಮಗಳು ಮಾಡಿದ್ದು ಸರಿ ಅನ್ನಲ್ಲ ಟೀಚರಮ್ಮ. ಆದ್ರೆ ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದವಳಲ್ಲ ಅವಳು. ಹೆತ್ತ ಮಗೂಗೆ ಇಷ್ಟು ದೊಡ್ಡ ಸುಳ್ಳು ಹೇಳೋಕೆ ಬಾಯಾದ್ರೂ ಹೇಗೆ ಬಂತು? ಫೋನ್ ಮಾಡಿದ್ರೆ ಎತ್ತೋಕೂ ಮನಸ್ಸಾಗ್ತಿಲ್ಲ ನನಗೆ.”

ಹೇಳಬೇಕಿತ್ತು. ಆಗಲೇ, ಅಲ್ಲೇ ಹೇಳಬೇಕಿತ್ತು. ಟೀಚರಮ್ಮ “ಪ್ರಾರ್ಥನೆ ಮಾಡೋಣ ಅಜ್ಜಿ” ಎಂದಳು. ಅಂದ ಮೇಲೆ ತನ್ನ ಬಾಯನ್ನು ತಾನೇ ಹೊಲಿದುಕೊಳ್ಳಬೇಕು ಅನ್ನುವಷ್ಟು ಹೇಸಿಗೆಯಾಯಿತು ಅವಳಿಗೆ. ಆ ತಾಯಿ ಬರುವುದಿಲ್ಲ ಎಂದು ನಿಜ ಹೇಳಿದ್ದಳು. ಅವಳ ಬಾಯಿಗೆ ಸುಳ್ಳು ತುರುಕಿದ್ದು ತಾನು, ಈಗ ಅದನ್ನು ಅವಳ ತಲೆಗೇ ಕಟ್ಟಿ ದೇವರ ಹೆಸರಿನ ಹಿಂದೆ ಅಡಗಿದ್ದೂ ತಾನೇ.

ಪಾದ್ರಿಗಳ ಹತ್ತಿರ ಹೋಗಿ ಎಲ್ಲ ಒಪ್ಪಿಸಿದಳು. ಅವರು ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವರಲ್ಲ. “ದೇವರ ಮುಂದೆ ಹೇಳಿಕೊಂಡ್ಯಲ್ಲಮ್ಮ, ಕ್ಷಮಿಸಿರ್ತಾನೆ. ಮಗು ಸ್ವಲ್ಪ ದಿನಕ್ಕೆ ತಾನೇ ಮರೆಯುತ್ತೆ” ಎಂದರು. ಟೀಚರಮ್ಮ ಸಮಾಧಾನವಾದವಳಂತೆ ತಲೆಯಾಡಿಸಿ ಹೊರಬಂದಳು. ದೇವರಿಗೆ ಹೇಳುವುದೇನು ಕಷ್ಟ, ಮೇಲಿನ ಕೋಣೆಯಲ್ಲಿ ಮಂಡಿಯೂರಿ ಸಾಕುಸಾಕಾಗುವಷ್ಟು ಹೇಳಿಯಾಗಿತ್ತು. ದೇವರು ಯಾಕೆ ಅಂತ ಕೇಳುವುದಿಲ್ಲ. ಕೇಳುವವಳು ಕೆಳಗೆ ಬೆಂಚಿನ ಮೇಲೆ ಕೂತಿದ್ದಳು.

ಮನಸ್ಸು ತಡೆಯದೆ ಅಕ್ಕನಿಗೆ ಹೇಳಿದಳು. ಅಕ್ಕ ನಕ್ಕು ಹಗುರ ಮಾಡುತ್ತಾಳೆಂದುಕೊಂಡಿದ್ದಳು. ನಗು ಕೇಳಿಸಲಿಲ್ಲ.

“ಅಕ್ಕಾ, ಇದ್ದೀಯಾ?”

“ಇದ್ದೀನಿ ಕಣೆ. ನೀನು ಹೊರಟ ದಿನ ನನಗೂ ಹಾಗೇ ಅಂದಿದ್ದೆ, ಜ್ಞಾಪಕ ಇದೆಯಾ? ಬಸ್ಸಿನ ಕಿಟಕಿಯಿಂದ. ನಾನು ನಿನ್ನ ಹಾಸಿಗೆ ಸುತ್ತಿಡೋಕೆ ಒಂದು ವರ್ಷ ಬಿಡಲಿಲ್ಲ. ನಿಮ್ಮ ಭಾವ ಗೇಲಿ ಮಾಡೋರು, ‘ಬರ್ತೀನಿ ಅಂತ ಹೋದವಳು ಇನ್ನೂ ಬರ್ತಾನೇ ಇದ್ದಾಳೆ’ ಅಂತ.”

“ಅದು ಬರೀ ಮಾತು ಅಲ್ವಾ ಅಕ್ಕಾ…”

“ಹೇಳೋರಿಗೆ ಬರೀ ಮಾತು ಕಣೆ” ಎಂದಳು ಅಕ್ಕ. ಸ್ವಲ್ಪ ಬಿಟ್ಟು ಅವಳೇ, “ಆ ಕೂಸಿಗೆ ಹೇಳಿಬಿಡು” ಎಂದಳು.

ಮರುದಿನ ಶಾಲೆ ಬಿಟ್ಟಿತು. ಮಕ್ಕಳೆಲ್ಲ ‘ಬರ್ತೀವಿ’ ಎಂದು ಕೂಗಿ ಚೆದುರಿದರು. ಯಾಕಮ್ಮ ಬೆಂಚಿನ ಮೇಲೆ, ಕೊರಳವರೆಗೆ ಗುಂಡಿ ಹಾಕಿಕೊಂಡು. ಕೋಟಿನ ಮುಂಭಾಗದಲ್ಲಿ ಹಸಿರು, ಹಳದಿ, ಅಂಟು, ಹಾಲು, ಎಲ್ಲದರ ಕಲೆ. ಅಜ್ಜಿ ಆಗಷ್ಟೇ ಗೇಟು ತೆರೆದು ಬರುತ್ತಿದ್ದಳು. ಅವಳಿಲ್ಲದಾಗ ಹೇಳಿ ಮುಗಿಸಬಹುದಿತ್ತು. ಟೀಚರಮ್ಮ ಅವಳು ಹತ್ತಿರ ಬರುವವರೆಗೆ ಕಾದಳು, ಆಮೇಲೆ ನೆಲದ ಮೇಲೆ, ಮಗುವಿನ ಕಾಲ ಬಳಿ ಕೂತಳು.

“ಪುಟ್ಟೀ, ಅಮ್ಮ ಬರ್ತೀನಿ ಅಂತ ತಾನಾಗಿ ಹೇಳಿದ್ದಲ್ಲ. ನಾನು ಹೇಳಿಸಿದ್ದು.”

ಯಾಕಮ್ಮ ನೋಡಿದಳು. ಅಜ್ಜಿ ನಿಂತಲ್ಲೇ ನಿಂತಳು.

“ಬರಲ್ಲ ಅಂತಾನೇ ಅಮ್ಮ ನನಗೆ ಹೇಳಿದ್ಲು. ಆದ್ರೂ ಬರ್ತೀನಿ ಅನ್ನಿ ಅಂತ ನಾನೇ ಕಿವಿಯಲ್ಲಿ ಹೇಳಿಕೊಟ್ಟೆ. ಸುಳ್ಳು ನಂದು, ಅಮ್ಮಂದಲ್ಲ.”

“ಯಾಕೆ?”

“ನೀನು ಅಳ್ತಾ ಇದ್ದೆ.”

“ಅಮ್ಮ ಹೋಗ್ತಿದ್ಲಲ್ಲ” ಎಂದಳು ಯಾಕಮ್ಮ. ಇಷ್ಟೂ ಗೊತ್ತಿಲ್ಲವೇ ಟೀಚರಿಗೆ ಎಂಬ ದನಿಯಲ್ಲಿ. “ನಾನು ಅಳಬಾರದು ಅಂತ ಯಾಕೆ?”

ಒಳಗೆ ಬಣ್ಣ ಚೆಲ್ಲಿತ್ತು, ಆಯಾ ರಜದಲ್ಲಿದ್ದಳು, ನನಗೆ ತಲೆ ಕೆಟ್ಟಿತ್ತು ಎನ್ನುವುದೆಲ್ಲ ನಿಜವೇ. ಅದನ್ನು ಆ ಮುಖಕ್ಕೆ ಹೇಳಲು ಟೀಚರಮ್ಮನಿಗೆ ಬಾಯಿ ಬರಲಿಲ್ಲ. “ತಪ್ಪಾಯ್ತು ಕಂದ” ಎಂದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

“ಅಮ್ಮ ಬರಲ್ವಾ?”

“ಇಲ್ಲ.”

ಯಾಕಮ್ಮ ಗೇಟನ್ನು ಒಂದು ಸಲ ನೋಡಿದಳು. ಆಮೇಲೆ ಜೇಬಿಗೆ ಕೈಹಾಕಿ ಅವತ್ತಿನ ಬಿಸ್ಕತ್ತು ತೆಗೆದು, ತಾನೇ ತಿನ್ನತೊಡಗಿದಳು. ತಿನ್ನುತ್ತಾ ತಿನ್ನುತ್ತಾ ಅಳು ಬಂತು. ಅಂದು ಅಮ್ಮನ ಕೋಟು ಹಿಡಿದು ಕಿರುಚಿದ ಹಾಗಲ್ಲ, ಸದ್ದೇ ಇಲ್ಲದೆ, ಬಾಯಿಯ ಪುಡಿಯೆಲ್ಲ ಕೋಟಿನ ಮೇಲೆ ಬೀಳುವ ಹಾಗೆ. ಟೀಚರಮ್ಮ ಸುಮ್ಮನಾಗಿಸಲು ಹೋಗಲಿಲ್ಲ. ಕೈ ಚಾಚಲು ಆಸೆಯಾಯಿತು, ಹಕ್ಕಿದೆ ಅನ್ನಿಸಲಿಲ್ಲ.

ಅಜ್ಜಿ ಬೈದಿದ್ದರೆ ಟೀಚರಮ್ಮ ಬದುಕಿಕೊಳ್ಳುತ್ತಿದ್ದಳು. ಮುದುಕಿ ಚೀಲದಿಂದ ಫೋನ್ ತೆಗೆದು, ಮಗಳ ನಂಬರು ಒತ್ತಿ, ಕಿವಿಗಿಟ್ಟುಕೊಂಡು, ಇನ್ನೊಂದು ಕೈಯನ್ನು ಮೊಮ್ಮಗಳ ಕಡೆ ಚಾಚಿದಳು. ಅವತ್ತು ಎಳೆಯಬೇಕಾಗಲಿಲ್ಲ. ಯಾಕಮ್ಮ ತಾನೇ ಬೆಂಚಿನಿಂದ ಇಳಿದು, ಕೋಟಿನ ಮೇಲಿನ ಗುಂಡಿ ಬಿಚ್ಚಿಕೊಂಡು, ಅಜ್ಜಿಯ ಬೆರಳು ಹಿಡಿದಳು.

ಗೇಟಿನ ಹತ್ತಿರ ಹೋದವಳು ತಿರುಗಿ ನಿಂತಳು. ಟೀಚರಮ್ಮ ಆಸೆಯಿಂದ ಎದ್ದು ನಿಂತಳು.

“ನಾನು ಹೋಗ್ತೀನಿ” ಎಂದಳು ಯಾಕಮ್ಮ, ಅವಳ ಊರಿನವರೆಲ್ಲ ಅನ್ನುವ ಹಾಗೆ.

ನಾಳೆ ಬರುತ್ತಾಳೋ ಇಲ್ಲವೋ, ಅಜ್ಜಿ ಕಳಿಸುತ್ತಾಳೋ ಇಲ್ಲವೋ ಗೊತ್ತಿಲ್ಲ. ಮಗು ಅಲ್ಲೇ ನಿಂತಿತ್ತು. ಉಳಿಯುವವರು ತಿರುಗಿ ಒಂದು ಮಾತು ಹೇಳುವವರೆಗೆ ಹೊರಡುವ ಹಾಗಿಲ್ಲವಲ್ಲ. ಟೀಚರಮ್ಮನ ನಾಲಿಗೆ ತುದಿಗೆ ‘ಹೋಗಿ ಬಾ’ ಬಂದುಬಿಟ್ಟಿತ್ತು. ಅದರಲ್ಲಿ ‘ಬಾ’ ಅನ್ನುವುದನ್ನು ಅವಳು ಒಳಗೇ ನುಂಗಿಕೊಂಡಳು.

“ಹೋಗು” ಎಂದಳು.