ದೋಹಾ ಪ್ರವಾಸದ ಫಸ್ಟ್ ಪೀಸ್

ವೀಸಾ ಬೇಡ ಎನ್ನುವ ಸುದ್ದಿ ಓದಿ ಎಲ್ಲರೂ ಹಿಗ್ಗಿದ ದಿನ ನನ್ನ ಎದೆ ಮಾತ್ರ ಧಸಕ್ಕೆಂದಿತು. ದೋಹಾಕ್ಕೆ ಹೋಗುವ ಭಾರತೀಯರು ಇನ್ನು ಮುಂದೆ ವೀಸಾ ಮಾಡಿಸಬೇಕಿಲ್ಲ; ಪಾಸ್‌ಪೋರ್ಟು, ಹೋಟೆಲಿನ ಬುಕಿಂಗು, ಹಿಂತಿರುಗುವ ಟಿಕೆಟ್ಟು ಇದ್ದರೆ ವಿಮಾನ ಇಳಿದು ನೇರವಾಗಿ ಹೊರಗೆ ನಡೆಯಬಹುದು ಎಂದು ಪೇಪರಿನಲ್ಲಿ ಬಂದಿತ್ತು. ನನ್ನಂಥ ಪುಕ್ಕಲರಿಗೆ ವೀಸಾ ಎಂಬುದು ಎಂಥ ಆಸರೆ ಎಂಬುದು ಧೈರ್ಯವಂತರಿಗೆ ತಿಳಿಯುವುದಿಲ್ಲ. ಅರ್ಜಿ ಹಾಕಿ ಕಾಯಬಹುದು. ಫೋಟೋದಲ್ಲಿ ಕಿವಿ ಸರಿಯಾಗಿ ಕಾಣುತ್ತಿಲ್ಲವೆಂದು ಅವರು ಅದನ್ನು ವಾಪಸು ಕಳಿಸಬಹುದು. ಆಗ "ನಾವೇನೋ ಹೊರಟಿದ್ವಿ, ಅವರೇ ಬಿಡಲಿಲ್ಲ" ಎಂದು ನೆಂಟರೆದುರು ನಿಟ್ಟುಸಿರಿಟ್ಟು, ಒಳಗೊಳಗೇ ನೆಮ್ಮದಿಯಿಂದ ಮನೆಯಲ್ಲೇ ಅನ್ನ ಸಾರು ಉಣ್ಣಬಹುದು. ಈಗ ಆ ಪುಣ್ಯಾತ್ಮರು ಬಾಗಿಲನ್ನೇ ಕಿತ್ತಿಟ್ಟಿದ್ದರು. ತಡೆಯಲು ಉಳಿದವನು ನಾನೊಬ್ಬನೇ.

ಹೊರಡೋಣ ಎಂದವಳು ನನ್ನ ಹೆಂಡತಿ ಗಿರಿಜಾ. ಅವಳಿಗೆ ಚಿನ್ನದ ಅಂಗಡಿ ಬೇಕಿರಲಿಲ್ಲ, ಆಕಾಶಕ್ಕೆ ಮುಟ್ಟುವ ಕಟ್ಟಡವೂ ಬೇಕಿರಲಿಲ್ಲ. ಭಾನುವಾರದ ಪುರವಣಿಯಲ್ಲಿ ಒಂದು ಚಿತ್ರ ಅವಳ ಕಣ್ಣಿಗೆ ಬಿದ್ದಿತ್ತು. ನಗರದಾಚೆ ಮರಳಿನ ನಡುವೆ ಒಂದು ಹೋಟೆಲು, ಗಾಜಿನ ಗೋಡೆಯ ಪಕ್ಕ ಬೆಳ್ಳನೆಯ ಹಾಸಿಗೆ, ಗಾಜಿನಾಚೆ ಕಣ್ಣು ಹಾಯುವಷ್ಟೂ ಮರಳು. "ಎಷ್ಟು ನಿಶ್ಶಬ್ದವಾಗಿದೆ ನೋಡಿ" ಎಂದಳು. ಪೇಪರಿನ ಚಿತ್ರಗಳೆಲ್ಲ ನಿಶ್ಶಬ್ದವಾಗಿಯೇ ಇರುತ್ತವೆ ಎನ್ನಲು ಹೋದವನು ಅವಳ ಮುಖ ನೋಡಿ ಆ ಪುಟವನ್ನು ಮಡಚಿ ಎತ್ತಿಟ್ಟೆ.

ನನ್ನ ತಾಯಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಮಂಚದ ಕಂಬಿಗೆ ಸ್ಟೀಲ್ ಲೋಟ ಬಡಿದು ಸೊಸೆಯನ್ನು ಕರೆಯುತ್ತಿದ್ದರು. ನೀರಿಗೆ ಒಮ್ಮೆ, ಮಗ್ಗುಲು ಬದಲಿಸಲು ಒಮ್ಮೆ, ಬರೀ ಯಾರಾದರೂ ಇದ್ದಾರೋ ಎಂದು ತಿಳಿಯಲು ಹಲವು ಬಾರಿ. ಅಮ್ಮ ಹೋಗಿ ವರ್ಷ ಕಳೆದಿದೆ. ಗಿರಿಜಾಳ ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಪೀಣ್ಯದಲ್ಲಿರುವ ನಮ್ಮ ಮನೆಯ ಹಿಂದೆಯೇ ಫ್ಯಾಕ್ಟರಿಯ ಶೆಡ್ಡುಗಳು. ರಾತ್ರಿ ಪಾಳಿಯಲ್ಲಿ ಯಾರೋ ಒಂದು ಸ್ಪ್ಯಾನರು ಬೀಳಿಸಿದರೆ ಸಾಕು, "ಬಂದೆ ಅತ್ತೆ" ಎಂದು ಎದ್ದು ಕೂರುತ್ತಾಳೆ. ಆಮೇಲೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕಣ್ಣ ಕೆಳಗೆ ಕಪ್ಪಾಗಿ, ಹಾಲು ಉಕ್ಕುವುದನ್ನು ನೋಡುತ್ತ ನಿಂತೇ ಅದನ್ನು ಉಕ್ಕಲು ಬಿಡುವ ಮಟ್ಟಿಗೆ ಸೊರಗಿದ್ದಳು. "ಅಲ್ಲಿ ನನ್ನನ್ನ ಯಾರೂ ಕರೆಯಲ್ಲ ಅಲ್ವಾ? ಒಂದೇ ಒಂದು ರಾತ್ರಿ ಪೂರ್ತಿ ಮಲಗ್ಬೇಕು ಕಣ್ರೀ" ಎಂದಳು. ಪ್ರವಾಸದ ಬಗ್ಗೆ ಅವಳ ಯೋಜನೆ ಇಷ್ಟೇ. ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು, ಅಂದರೆ ಚಿಂತೆ.

ಚಿಂತೆ ಮಾಡುವುದರಲ್ಲಿ ನನಗೆ ಒಂದು ಶಿಸ್ತಿದೆ. ಮೊದಲು ದೂರದ್ದು, ಆಮೇಲೆ ಹತ್ತಿರದ್ದು. ವಿಮಾನ, ಯುದ್ಧ, ಭೂಕಂಪ ಮುಗಿಸಿ ಗಸಗಸೆಗೆ ಬಂದೆ. ಕೊಲ್ಲಿ ದೇಶಗಳಿಗೆ ಗಸಗಸೆ ಒಯ್ದರೆ ಹಿಡಿಯುತ್ತಾರೆಂದು ಯಾರೋ ಹೇಳಿದ್ದರು. ನಮ್ಮ ಪೆಟ್ಟಿಗೆಯೋ ಹಿಂದೊಮ್ಮೆ ಮದುವೆಮನೆಯಿಂದ ಗಸಗಸೆ ಪಾಯಸದ ಸಾಮಾನು ಹೊತ್ತು ತಂದ ಪೆಟ್ಟಿಗೆ. ಅದರ ಮೂಲೆಯಲ್ಲಿ ಒಂದು ಕಾಳು ಉಳಿದು, ಅದಕ್ಕಾಗಿ ನಾನು ಅರಬ್ಬಿ ಬಾರದ ಬಾಯಿಯಲ್ಲಿ ಪಾಯಸ ಮಾಡುವ ವಿಧಾನವನ್ನು ಪೊಲೀಸರಿಗೆ ವಿವರಿಸಬೇಕಾಗಿ ಬಂದರೆ? ಟಾರ್ಚು ಹಿಡಿದು ಪೆಟ್ಟಿಗೆಯ ಹೊಲಿಗೆ ಹೊಲಿಗೆ ಕೆದಕಿದೆ. ಸಿಕ್ಕಿದ್ದು ಅಕ್ಷತೆ.

ಈ ಭಾಗದ ಹಳೇ ಒಕ್ಕಲು, ಪಕ್ಕದ ಮನೆಯ ಮುನಿಯಪ್ಪನವರಿಗೆ ಸುದ್ದಿ ಮುಟ್ಟಿತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕಟ್ಟಡ ಬೆಳೆಯುವವರು ಅವರು. "ಏನ್ ಸಾಮಿ, ಮರಳ್ ನೋಡಕ್ಕೆ ಇಮಾನ ಅತ್ತಿ ಓಗ್ಬೇಕಾ? ನಮ್ ಒಸ ಬಿಲ್ಡಿಂಗ್ ಮುಂದೆ ಎರಡ್ ಲೋಡ್ ಬಿದ್ದದೆ. ಚೇರ್ ಆಕಿಸ್ತೀನಿ, ಸಾಯಂಕಾಲ ಇಬ್ರೂ ಬಂದ್ ಕುಂತ್ಕಳಿ" ಎಂದರು.

"ಅಲ್ಲಿ ಬೆಕ್ಕುಗಳು ಮೊದಲೇ ಬುಕ್ ಮಾಡಿಬಿಟ್ಟಿವೆ ಅಣ್ಣ" ಎಂದಳು ಗಿರಿಜಾ. ಅವಳು ತಮಾಷೆ ಮಾಡಿ ಎಷ್ಟೋ ದಿನವಾಗಿತ್ತು. ಮುನಿಯಪ್ಪನವರಿಗಿಂತ ಹೆಚ್ಚು ನಾನು ನಕ್ಕೆ.

ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಲೇತ್ ಓಡಿಸುವ ಸಂಗಪ್ಪ ರಾಯಚೂರಿನ ಕಡೆಯವನು. "ಸರ, ಬಿಸಿಲ ನೋಡಾಕ ರೊಕ್ಕ ಕೊಟ್ಟು ಹೊಂಟೀರಿ? ನಮ್ಮೂರಿಗೆ ಬರ್ರಿ. ವೀಸಾನೂ ಬ್ಯಾಡ, ಪಾಸ್‌ಪೋರ್ಟೂ ಬ್ಯಾಡ, ಮ್ಯಾಲೆ ರೊಟ್ಟಿ ಊಟ" ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಮರುಭೂಮಿಯನ್ನೇ ಕಾಣದ ನಮ್ಮ ಪೂರ್ವಿಕರು 'ಬಿಸಿಲ್ಗುದುರೆ' ಎಂಬ ಪದ ಕಟ್ಟಿದ್ದು ಅಂಥ ಬಯಲಿನಲ್ಲಿ ನಿಂತೇ ಇರಬೇಕು. ಬೇರೆಯವರು ಅಲ್ಲಿ ನೀರು ಕಂಡು ಮೋಸಹೋದರೆ ಕನ್ನಡದವರು ಕುದುರೆ ಕಂಡರು. ಬಾಯಾರಿದವನಿಗೂ ನೀರಿಗಿಂತ ಮೊದಲು ಕುದುರೆ ಹತ್ತಿ ಹೊರಟುಹೋಗುವುದೇ ನೆನಪಾಗಿತ್ತೆಂದರೆ ಅವನಿಗೂ ಮನೆಯಲ್ಲಿ ಎಂಥದೋ ದಣಿವಿತ್ತೇನೋ. ಏಪ್ರಿಲ್‌ನಲ್ಲಿ ತುಮಕೂರು ರಸ್ತೆಯ ಮೇಲೂ ಆ ಕುದುರೆ ಕಾಣಿಸುತ್ತದೆ. ಲಾರಿಗಳ ಕಾಟಕ್ಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅಷ್ಟೆ.

ಇಷ್ಟೆಲ್ಲ ಆದರೂ ಟಿಕೆಟ್ ಮಾತ್ರ ಕೊಂಡಿರಲಿಲ್ಲ. ಮೊಬೈಲಿನಲ್ಲಿ ಎಲ್ಲ ತುಂಬಿಸಿ ಕೊನೆಯ ಗುಂಡಿಯ ತನಕ ಹೋಗುತ್ತಿದ್ದೆ. ಅದರ ಕೆಳಗೆ, ಒಮ್ಮೆ ಕೊಂಡರೆ ಹಣ ವಾಪಸಿಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಿತ್ತು. ಅಲ್ಲಿಂದ ಹಿಂದಕ್ಕೆ ಬರುತ್ತಿದ್ದೆ. "ಆಯ್ತಾ?" ಎಂದು ಕೇಳುತ್ತಿದ್ದ ಗಿರಿಜಾ ಕ್ರಮೇಣ ಕೇಳುವುದನ್ನು ಬಿಟ್ಟಳು. ಕೇಳುತ್ತಿದ್ದುದೇ ವಾಸಿಯಿತ್ತು.

ಕೊನೆಗೆ ನನ್ನ ಕಸುಬೇ ದಾರಿ ತೋರಿಸಿತು. ನಾನು ಕ್ವಾಲಿಟಿ ಇನ್‌ಸ್ಪೆಕ್ಟರು. ಮೆಷಿನ್ನಿನ ಸೆಟ್ಟಿಂಗ್ ಬದಲಾದಾಗ ಮೊದಲು ಒಂದೇ ಒಂದು ಪೀಸು ತೆಗೆಯುತ್ತಾರೆ. ಅದನ್ನು ನಾನು ಅಳೆದು ಓಕೆ ಎನ್ನುವವರೆಗೆ ಎರಡನೆಯದನ್ನು ಯಾರೂ ಮುಟ್ಟುವಂತಿಲ್ಲ. ಪ್ರವಾಸಕ್ಕೂ ಒಂದು ಫಸ್ಟ್ ಪೀಸ್ ತೆಗೆಯೋಣ ಎಂದೆ. ಪೆಟ್ಟಿಗೆ ತುಂಬಿ, ಬಾಗಿಲಿಗೆ ಬೀಗ ಹಾಕಿ, ವಿಮಾನ ನಿಲ್ದಾಣದವರೆಗೆ ಹೋಗಿ, ವಾಪಸು ಬರುವುದು. ಎಲ್ಲಿ ಎಡವುತ್ತೇವೋ ಗೊತ್ತಾಗಿಬಿಡುತ್ತದೆ.

"ಮದುವೆಗೂ ಮುಂಚೆ ಹಿಂಗೊಂದು ತೆಗೀಬೇಕಿತ್ತು ರೀ" ಎಂದು ಹೇಳಿ ಗಿರಿಜಾ ಸೀರೆ ಬದಲಿಸಲು ಹೋದಳು.

ಭಾನುವಾರ ಹೊರಟೆವು. ಶೆಡ್ಡಿನಲ್ಲಿ ಕಬ್ಬಿಣದ ಚೂರು ತೂಗುವ ತಕ್ಕಡಿಯ ಮೇಲೆ ಪೆಟ್ಟಿಗೆ ಇಟ್ಟು ಪರೀಕ್ಷಿಸಿ, ಹೆಬ್ಬಾಳದಲ್ಲಿ ಬಸ್ಸು ಬದಲಿಸಿ, ವಿಮಾನ ನಿಲ್ದಾಣ ಮುಟ್ಟಿದೆವು. ಟಿಕೆಟ್ಟಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಹೊರಗೆ ಒಂದು ಬೆಂಚು ಹಿಡಿದು, ಮನೆಯಲ್ಲಿ ಯಾರೂ ಕುಡಿಯದಂಥ ಕಾಫಿ ಕುಡಿದೆವು. ಸುತ್ತ ಗದ್ದಲವೋ ಗದ್ದಲ. ಹೆಸರು ಬರೆದ ಬೋರ್ಡು ಹಿಡಿದ ಡ್ರೈವರುಗಳು, ಫೋನಿನಲ್ಲಿ ಕೂಗುವವರು, ಮೊಮ್ಮಕ್ಕಳನ್ನು ಕರೆಯುವ ಅಜ್ಜಿಯರು. ಗಿರಿಜಾ ಚಪ್ಪಲಿ ಕಳಚಿ ಪೆಟ್ಟಿಗೆಯ ಮೇಲೆ ಕಾಲು ಚಾಚಿದಳು. "ಎಷ್ಟು ಜನ ಎಷ್ಟು ಜನಾನ ಕರೀತಿದಾರೆ ನೋಡಿ. ಒಬ್ರೂ ನನ್ನನ್ನ ಕರೀತಿಲ್ಲ" ಎಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಹಬ್ಬದ ಸಡಗರವಿತ್ತು. ಸ್ವಲ್ಪ ಹೊತ್ತಿಗೆ ನನ್ನ ಬಲಭುಜದ ಮೇಲೆ ಅವಳ ತಲೆ ಭಾರವಾಯಿತು.

ಆಗಲೇ ಸಾಮಾನಿನ ಟ್ರಾಲಿಗಳ ಉದ್ದ ಸಾಲೊಂದನ್ನು ತಳ್ಳಿಕೊಂಡು ಬಂದವನೊಬ್ಬ ಅದನ್ನು ನಮ್ಮ ಹಿಂದಿನ ಸಾಲಿಗೆ ಧಡಾರೆಂದು ಸೇರಿಸಿದ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಇನ್ನೇನು "ಬಂದೆ ಅತ್ತೆ" ಎಂದು ಎದ್ದು ಕೂರುತ್ತಾಳೆ ಎಂದುಕೊಂಡೆ. ಗಿರಿಜಾ ಏಳಲಿಲ್ಲ. ಬಾಯಿ ಚೂರು ತೆರೆದು, ಸಣ್ಣಗೆ ಗೊರಕೆ ಹೊಡೆದಳು.

ಅವನೇ ಹತ್ತಿರ ಬಂದ. "ಸಾರ್, ಯಾವ್ ಫ್ಲೈಟು? ಮೇಡಂನ ಎಬ್ಬಿಸಿ, ಕೌಂಟರ್ ಕ್ಲೋಸ್ ಮಾಡ್ಬಿಡ್ತಾರೆ."

"ದೋಹಾ" ಎಂದೆ, ಮೆಲ್ಲಗೆ.

"ಎಷ್ಟೊತ್ತಿಗೆ?"

"ಮುಂದಿನ ತಿಂಗಳು. ಮಲಗಲಿ ಬಿಡಿ."

ಅವನು ನನ್ನನ್ನೂ ಪೆಟ್ಟಿಗೆಯನ್ನೂ ನೋಡಿದ. "ಸ್ವಲ್ಪ ಬೇಗ ಬಂದ್ಬಿಟ್ಟಿದೀರ ಸಾರ್" ಎಂದು ಪಿಸುಗುಟ್ಟಿ, ಟ್ರಾಲಿಗಳ ಇನ್ನೊಂದು ಸಾಲನ್ನು ನಮ್ಮಿಂದ ದೂರಕ್ಕೆ ತಿರುಗಿಸಿಕೊಂಡು ಹೋದ.

ನಿದ್ದೆ ಇಲ್ಲೇ ಬಂತಲ್ಲ, ಇನ್ನು ದೋಹಾ ಯಾಕೆ ಎಂದು ನನ್ನೊಳಗಿನ ಪುಕ್ಕಲ ಕೂಡಲೇ ತಲೆಯೆತ್ತಿದ. ಆದರೆ ಫಸ್ಟ್ ಪೀಸ್ ಸರಿಬಂತೆಂದು ಯಾವ ಫ್ಯಾಕ್ಟರಿಯಲ್ಲೂ ಮೆಷಿನ್ ನಿಲ್ಲಿಸುವುದಿಲ್ಲ. ಸರಿಬಂದ ಮೇಲೇ ಅಲ್ಲವೇ ಓಡಿಸುವುದು. ಬಲಗೈ ಖಾಲಿಯಿರಲಿಲ್ಲ. ಎಡಗೈಯಲ್ಲಿ ಮೊಬೈಲು ತೆಗೆದು, ಅಭ್ಯಾಸವಿಲ್ಲದ ಹೆಬ್ಬೆರಳಿನಿಂದ ತಪ್ಪು ತಪ್ಪಾಗಿ ಒತ್ತುತ್ತ, ತಿದ್ದುತ್ತ, ಕೊನೆಯ ಗುಂಡಿಯನ್ನೂ ಒತ್ತಿದೆ.

ಎದುರಿಗೆ ನಮ್ಮ ಬಸ್ಸು ಬಂದು ನಿಂತಿತು. ಕಂಡಕ್ಟರು ಹೆಬ್ಬಾಳ, ಹೆಬ್ಬಾಳ ಎಂದು ಕೂಗಿದ. ಕೈಸನ್ನೆಯಲ್ಲೇ ಅವನನ್ನು ಕಳಿಸಿಕೊಟ್ಟೆ. ಇನ್ನೊಂದು ಬಸ್ಸು ಇದ್ದೇ ಇರುತ್ತದೆ. ಎಲ್ಲರೂ ಸದಾ ಹೇಳುವ ಈ ಮಾತನ್ನು ನಾನು ನಂಬಿದ್ದು ಅದೇ ಮೊದಲು.