ಯಶವಂತಪುರದ ಲಾಡ್ಜಿನ ಗೊರಕೆ

ಮಾವ, ಆ ಗೊರಕೆ ನನ್ನದು. ನಿಮ್ಮದಲ್ಲ. ಇಷ್ಟು ವರ್ಷ ಬಂಧುಬಳಗವೆಲ್ಲ ನಿಮ್ಮ ಹೆಸರಿಗೆ ಅಂಟಿಸಿರುವ ಆ ಕೀರ್ತಿಗೆ ನಿಜವಾದ ಹಕ್ಕುದಾರ ನಾನು — ನಿಮ್ಮ ಹಿರಿಯ ಅಳಿಯ.

ನನಗೇ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಯಲಹಂಕದಲ್ಲಿ ಕೆಲಸಕ್ಕೆ ಸೇರಿ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದೆನಲ್ಲ, ವಾರ ಕಳೆಯುವಷ್ಟರಲ್ಲಿ ಅವರು ನನ್ನ ಹಾಸಿಗೆಯನ್ನು ಜಗಲಿಗೆ ಸಾಗಹಾಕಿದ್ದರು. ಹೆಣ್ಣು ನೋಡಲು ಬಂದಾಗ ಹೇಳಬೇಕಿತ್ತೋ ಏನೋ — ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮದುವೆಯಾದ ಹೊಸತು. ನಾನಿನ್ನೂ ಬಾಡಿಗೆ ಮನೆ ಹುಡುಕುತ್ತಿದ್ದೆ, ನಿಮ್ಮ ಮಗಳು ತವರಿನಲ್ಲೇ ಇದ್ದಳು. ನೀವು, ಅತ್ತೆ, ಅವಳು ಹಿರಿಯೂರಿನಿಂದ ವ್ಯಾನು ಮಾಡಿಕೊಂಡು ತಿರುಪತಿಗೆ ಹೊರಟು, ನನ್ನನ್ನು ಕರೆದೊಯ್ಯಲು ಯಶವಂತಪುರದ ಲಾಡ್ಜಿನಲ್ಲಿ ತಂಗಿದಿರಿ. ಅಲ್ಲಿ ಕೋಣೆಗಳ ನಡುವೆ ಇದ್ದದ್ದು ಸೂರು ಮುಟ್ಟದ ಹಲಗೆಯ ಅಡ್ಡಗೋಡೆ. ಒಂದು ಕೋಣೆ ಹೆಂಗಸರಿಗೆ, ಒಂದು ನಮ್ಮಿಬ್ಬರಿಗೆ. ಹೊಸ ಅಳಿಯನಿಗೆ ಮಂಚ ಬಿಟ್ಟುಕೊಟ್ಟು ನೀವು ಕೆಳಗೆ ಚಾಪೆ ಹಾಸಿಕೊಂಡಿರಿ. ನಾನು ಬೇಡ ಎಂದದ್ದು ಬಾಯಿಮಾತಿಗೆ.

ಬೆಳಿಗ್ಗೆ ಎಲ್ಲರೂ ಕೂತು ಕಾಫಿ ಕುಡಿಯುತ್ತಿದ್ದಾಗ ಮ್ಯಾನೇಜರು ಬಂದ.

"ಯಾರ್ರೀ ಅದು ಗೊರಕೆ ಹೊಡೆದಿದ್ದು? ಪಕ್ಕದ್ ರೂಮಿನೋರು ಟೆರೇಸಿಗೆ ಹೋಗಿ ಮಲಗಿದ್ರು ಕಣ್ರೀ. ಈಗ ನನ್ ಹತ್ರ ಜಗಳಕ್ಕೆ ನಿಂತಿದಾರೆ."

ಯಾರೂ ನನ್ನ ಕಡೆ ನೋಡಲಿಲ್ಲ. ಹೊಸ ಅಳಿಯನನ್ನು ಹಾಗೆಲ್ಲ ನೋಡುವ ಪದ್ಧತಿ ನಿಮ್ಮ ಮನೆಯಲ್ಲಿಲ್ಲ. ಅತ್ತೆ ಸೂರು ನೋಡಿದರು, ನಿಮ್ಮ ಮಗಳು ಲೋಟದೊಳಗೆ ನೋಡಿದಳು. ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಈ ನನ್ನ ನಾಲಿಗೆ —

"ಮಾವನವರಿಗೆ ಪ್ರಯಾಣದ ಆಯಾಸ, ಪಾಪ," ಎಂದೆ.

ಅತ್ತೆ ಬಾಯಿ ತೆರೆದರು. ನೀವು ಗೊರಕೆ ಹೊಡೆಯುವವರಲ್ಲ ಎಂದು ನಿಮ್ಮ ಜೊತೆ ಸಂಸಾರ ಮಾಡಿದವರಿಗೆ ತಿಳಿಯದೆ? ನೀವು ಕಣ್ಣಲ್ಲೇ ತಡೆದಿರಿ. ನಿದ್ದೆಯಿಲ್ಲದೆ ಕೆಂಪಗಾಗಿದ್ದ ಕಣ್ಣು. ಆಮೇಲೆ ಮ್ಯಾನೇಜರಿಗೆ ಹೇಳಿದಿರಿ:

"ನಂದೇ ಕಣಪ್ಪ. ತಪ್ಪಾಯ್ತು."

ಆಗ ನನಗೆ ಆದದ್ದು ನಾಚಿಕೆಯಲ್ಲ ಮಾವ, ನಿರಾಳ. ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ.

ಅಲ್ಲಿಗೇ ಮುಗಿಯಬೇಕಿತ್ತು. ಅದನ್ನು ತಮಾಷೆಯ ಕಥೆ ಮಾಡಿ ನೆಂಟರ ಮುಂದೆಲ್ಲ ಹೇಳಿದವನೂ ನಾನೇ — ಹಲಗೆ ನಡುಗಿತು ಎಂದು ಒಂದಿಷ್ಟು ಸೇರಿಸಿ. ಮದುವೆಮನೆಯಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿ ಹರಟುವುದೆಂದರೆ ನಿಮಗೆ ಪ್ರಾಣ. ಆ ಕಥೆ ಹಬ್ಬಿದ ಮೇಲೆ ನಿಮ್ಮ ಹಾಸಿಗೆ ಉಗ್ರಾಣಕ್ಕೆ ಹೋಯಿತು, ತೆಂಗಿನಕಾಯಿ ರಾಶಿಯ ಪಕ್ಕಕ್ಕೆ. ನನಗೆ ಅಳಿಯನ ಮರ್ಯಾದೆಯ ಬೇರೆ ಕೋಣೆ. ಅಲ್ಲಿಂದ ಹೊರಟ ಸದ್ದೂ ಉಗ್ರಾಣದ ಖಾತೆಗೇ ಜಮೆಯಾಗುತ್ತಿತ್ತು. ಹೊರಗೆ ಎಲ್ಲರೂ ನಗುವುದನ್ನು ನೀವು ಒಬ್ಬರೇ ಒಳಗಿನಿಂದ ಕೇಳಿಸಿಕೊಂಡಿರಿ.

ನಿಮಗೆ ಗೊತ್ತೇ ಇದೆಯಲ್ಲ, ಮತ್ತೆ ಹೇಳುವುದೇನು — ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ಬಂದೆ. ಆದರೆ ಗೊತ್ತಾಗಬೇಕಿದ್ದದ್ದು ಉಳಿದವರಿಗೆ.

ಮುಂದಿನ ವಾರ ಆರ್.ಟಿ. ನಗರದ ಛತ್ರದಲ್ಲಿ ನಿಮ್ಮ ಕಿರಿಯ ಮಗಳ ಮದುವೆ. ಊಟ ಮುಗಿದು ಎಲ್ಲರೂ ಕೂತಾಗ, ಹೊಸ ಬೀಗರ ಎದುರಿಗೇ, ನಾನು ಎದ್ದು ಹೇಳುತ್ತೇನೆ. ನಿಮ್ಮದು ಒಂದೇ ಸಹಾಯ ಬೇಕು ಮಾವ — ಆಗ ನಡುವೆ ಬಾಯಿ ಹಾಕಿ, "ಇಲ್ಲ ಇಲ್ಲ, ಅದು ನಂದೇ," ಎನ್ನಬೇಡಿ.