ದೋಣಿಯೊಳಗೆ ಹುಟ್ಟಿದ ಅಣಬೆ

ನಾನು ಚಿಕ್ಕವಳಿದ್ದಾಗ ಹೊಡೆದಾಟ ನೋಡಬೇಕೆಂದರೆ ಟಿವಿ ಹಾಕಬೇಕಾಗಿರಲಿಲ್ಲ ಮಕ್ಕಳೇ, ಮನೆಯ ಬಾಗಿಲು ತೆರೆದರೆ ಸಾಕಿತ್ತು. ಬೇರೆಲ್ಲೂ ಅಲ್ಲ, ಇದೇ ದೋಹಾದಲ್ಲಿ. ನೀವು ಸಂಜೆ ಐಸ್‌ಕ್ರೀಮ್ ಹಿಡಿದು ಓಡಾಡುವ ಕಡಲ ದಂಡೆಯ ಕಾರ್ನಿಶ್ ಇದೆಯಲ್ಲ, ಆಗ ಅಲ್ಲಿ ಕಲ್ಲುಹಾಸೂ ಇರಲಿಲ್ಲ, ದೀಪಗಳ ಸಾಲೂ ಇರಲಿಲ್ಲ. ನೀರು ಇಳಿದಾಗ ಮರದ ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿರುತ್ತಿದ್ದವು. ಹಗ್ಗಕ್ಕೆ ಜಗಳ, ಜಾಗಕ್ಕೆ ಜಗಳ, ಮೀನಿಗೆ ಜಗಳ. ನಮ್ಮ ಮನೆ ದಂಡೆಯಿಂದ ಕೂಗಳತೆ ದೂರದಲ್ಲಿತ್ತು. ಮಂಗಳೂರಿನ ಕಡೆಯಿಂದ ಅಪ್ಪ ಮೊದಲು ಬಂದಿದ್ದರು, ಆಮೇಲೆ ಅಮ್ಮ, ಅಣ್ಣ ಮತ್ತು ನಾನು. ಅಣ್ಣನಿಗೆ ಆಗ ಮೀಸೆ ಚಿಗುರುವ ವಯಸ್ಸು, ನನಗೆ ಹಲ್ಲು ಬೀಳುವ ವಯಸ್ಸು.

ಅಪ್ಪನ ಕೆಲಸ ದೋಣಿಗಳಿಗೆ ಎಣ್ಣೆ ಹಾಕುವುದು. ನಗಬೇಡಿ, ತಲೆಗೆ ಎಣ್ಣೆ ಹಚ್ಚಿದ ಹಾಗಲ್ಲ ಅದು! ತಾಟೆ ಮೀನಿನ, ಅಂದರೆ ನೀವು ಶಾರ್ಕ್ ಅನ್ನುತ್ತೀರಲ್ಲ, ಆ ಮೀನಿನ ಹೊಟ್ಟೆ ಸೀಳಿ, ಕಲಿಜಿ, ಅಂದರೆ ಲಿವರ್, ತೆಗೆದು, ದೊಡ್ಡ ಕಡಾಯಿಯಲ್ಲಿ ಕುದಿಸುತ್ತಿದ್ದರು. ಹಳದಿ ಎಣ್ಣೆ ಮೇಲೆ ತೇಲಿ ಬರುತ್ತಿತ್ತು. ಆ ವಾಸನೆಗೆ ಬೀದಿಯ ಬೆಕ್ಕುಗಳೆಲ್ಲ ಬಂದು ಒಂದನ್ನೊಂದು ಪರಚಿ ರಕ್ತ ಬರಿಸಿಕೊಳ್ಳುತ್ತಿದ್ದವು. ಊರಿನಿಂದ ಬರುವ ಹಡಗುಗಳಲ್ಲಿ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪೆಣ್ಣೆಯ ಡಬ್ಬಗಳೂ ಬರುತ್ತಿದ್ದವು. ಅದು ಕೈಗೆ ತಾಗಿದರೆ ಸಾಕು, ಚರ್ಮ ಸುಟ್ಟು ಬೊಬ್ಬೆ ಏಳುತ್ತಿತ್ತು. ಅಪ್ಪ ಎರಡನ್ನೂ ಬಟ್ಟೆಯಲ್ಲಿ ಅದ್ದಿ ಹಲಗೆಗೆ ತಿಕ್ಕುತ್ತಿದ್ದರು. ಅವರ ಅಂಗೈಯಲ್ಲಿ ಹಳೆಯ ಚರ್ಮ ಸುಲಿದು ಹೊಸದು ಬರುವಷ್ಟರಲ್ಲಿ ಅದೂ ಸುಲಿದಿರುತ್ತಿತ್ತು. ಆ ಅಂಗೈ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಮರ ಕುಂಬಾಗದಿರಲಿ ಅಂತ. ಕುಂಬು ಅಂದರೆ ಒಳಗೊಳಗೇ ಕೊಳೆತು ಹುಡಿಯಾದ ಮರ. ಕಣ್ಣಿಗೆ ಕಾಣದಷ್ಟು ಸಣ್ಣ ಬೂಸ್ಟಿನ ಎಳೆಗಳು ಮರದೊಳಗೆ ಹೊಕ್ಕು ಅದನ್ನು ತಿನ್ನುತ್ತವೆ. ಸಮುದ್ರದ ಉಪ್ಪುನೀರಿನಲ್ಲಿ ಅವುಗಳ ಆಟ ಹೆಚ್ಚು ನಡೆಯುವುದಿಲ್ಲ. ಅವುಗಳಿಗೆ ಬೇಕಾದದ್ದು ಸಿಹಿನೀರು, ಕತ್ತಲು, ಸೆಕೆ. ಒಣಗಿದ ಮರಕ್ಕೆ ಎಣ್ಣೆ ಹಾಕಿದರೆ ನೀರು ಒಳಗೆ ಇಳಿಯುವುದಿಲ್ಲ, ಬೂಸ್ಟಿಗೆ ಬದುಕು ಸಿಗುವುದಿಲ್ಲ. ಒದ್ದೆ ಮರಕ್ಕೆ ಎಣ್ಣೆ ಹಾಕಿದರೆ? ಒಳಗಿನ ನೀರು ಹೊರಗೆ ಬರಲಾರದೆ ಅಲ್ಲೇ ಕೂರುತ್ತದೆ. ಹೊರಗಿನಿಂದ ದೋಣಿ ಮಿರಮಿರ ಮಿಂಚುತ್ತದೆ, ಒಳಗೆ ಸಾಯುತ್ತಿರುತ್ತದೆ.

ಒಂದು ದೊಡ್ಡ ದೋಣಿ ಕುಡಿಯುವ ನೀರು ಹೊತ್ತು ನಡುಕಡಲಿಗೆ ಹೋಗುತ್ತಿತ್ತು. ಅಲ್ಲಿ ವಾರಗಟ್ಟಲೆ ನಿಂತು ಮೀನು ಹಿಡಿಯುವವರಿಗೆ ಅದೇ ನೀರು. ಅದರ ಹೊಟ್ಟೆಯಲ್ಲಿ ಕೋಣೆಯಷ್ಟು ದೊಡ್ಡ ಮರದ ತೊಟ್ಟಿ ಇತ್ತು, ತೊಟ್ಟಿಯ ಸಂದಿನಿಂದ ನೀರು ಜಿನುಗುತ್ತಿತ್ತು. ದೋಣಿಯ ಯಜಮಾನನೂ ಕಪ್ತಾನನೂ ಒಬ್ಬನೇ, ಅವನನ್ನು ಎಲ್ಲರೂ ನಾಖುದಾ ಎನ್ನುತ್ತಿದ್ದರು. ಎಣ್ಣೆ ಹಾಕುವ ಮೊದಲು ದೋಣಿಯನ್ನು ಹಲವು ದಿನ ಬಿಸಿಲಿಗೆ ಬಿಡಬೇಕು ಎಂದು ಅಪ್ಪ ಹೇಳಿದರು. ಅವನು ಕೇಳಬೇಕಲ್ಲ! ಬೇಗ ಹಾಕಿ ಮುಗಿಸಿದರೆ ನಿನ್ನ ಮಗನನ್ನು ದೋಣಿಗೆ ತೆಗೆದುಕೊಳ್ಳುತ್ತೇನೆ, ಖಲಾಸ್, ಎಂದುಬಿಟ್ಟ. ಅಣ್ಣ ಆಗ ಕೆಲಸವಿಲ್ಲದೆ ದಂಡೆಯ ಪುಂಡರ ಜೊತೆ ಸೇರಿ ಆಗಾಗ ಮೂಗು ಒಡೆಸಿಕೊಂಡು ಮನೆಗೆ ಬರುತ್ತಿದ್ದ. ಅಪ್ಪ ಕಡಾಯಿಯನ್ನು ಒಲೆಗೆ ಏರಿಸಿದರು. ಒದ್ದೆ ಮರದ ಮೇಲೆಯೇ ಎಣ್ಣೆ ಬಿತ್ತು. ಆಮೇಲೆ ನೋಡಿದರೆ ಗಾಳಿ ಕೆಟ್ಟು, ಹೊರಡಲಾಗದೆ ಆ ದೋಣಿ ಬಾಗಿಲು ಹಾಕಿಕೊಂಡು ಎಷ್ಟೋ ವಾರ ದಂಡೆಯಲ್ಲೇ ನಿಂತಿತ್ತು.

ಅಣ್ಣ ಹೊರಡುವ ದಿನ ಬೆಳಗ್ಗೆಯೇ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮಧ್ಯಾಹ್ನ ಕಡಲು ಏರಿದಾಗ ದೋಣಿ ತೇಲುತ್ತದೆ, ಆಗ ಹೊರಡುವುದು ಎಂದು ನಿಶ್ಚಯವಾಗಿತ್ತು. ಅಣ್ಣ ಹೊಸ ಅಂಗಿ ಹಾಕಿಕೊಂಡು ದೊಡ್ಡ ಮನುಷ್ಯನ ಹಾಗೆ ಎದೆ ಸೆಟೆಸಿ ನಡೆಯುತ್ತಿದ್ದ. ಅವನ ಬಟ್ಟೆಯ ಗಂಟನ್ನು ಹೊತ್ತು ನಾನೂ ದೋಣಿ ಹತ್ತಿದೆ. ಅವನು ಮಲಗುವ ಜಾಗ ನೋಡಬೇಕೆಂದು ಕೆಳಗಿಳಿದರೆ, ಅಬ್ಬಾ, ಒಳಗೆ ಉಸಿರು ಕಟ್ಟುವ ಸೆಕೆ, ಮೀನೆಣ್ಣೆಯ ನಾತ. ಆದರೆ ನೀರಿನ ತೊಟ್ಟಿಯ ಹಿಂದೆ ಆ ನಾತದ ನಡುವೆಯೂ ಇನ್ನೊಂದು ವಾಸನೆ ಬಂತು. ಊರಿನಲ್ಲಿ ಮೊದಲ ಮಳೆಯ ಮರುದಿನ ಗುಡ್ಡದಲ್ಲಿ ಬರುವ ವಾಸನೆ. ಬಗ್ಗಿ ನೋಡಿದೆ. ಎರಡು ಹಲಗೆಗಳ ಸಂದಿನಲ್ಲಿ ಬೆಳ್ಳಗೆ, ಮೆತ್ತಗೆ, ಗೊಂಚಲು ಗೊಂಚಲಾಗಿ ಅಣಬೆ!

ನನಗೆ ಕುಣಿಯುವಷ್ಟು ಸಂತೋಷವಾಯಿತು. ಈ ಮರಳುಗಾಡಿನಲ್ಲಿ ಅಣಬೆ ಎಂದರೆ ಸಣ್ಣ ಮಾತಾ? ಮಳೆಗಾಲ ಬಂತೆಂದರೆ ಅಮ್ಮ ಊರಿನ ಅಣಬೆಯ ಗಸಿ ನೆನೆದು ನಿಟ್ಟುಸಿರು ಬಿಡುತ್ತಿದ್ದಳು. ನಾನು ಅಷ್ಟನ್ನೂ ಕಿತ್ತು ಲಂಗದ ಮಡಿಲಿನಲ್ಲಿ ತುಂಬಿಕೊಂಡು ಒಂದೇ ಉಸಿರಿಗೆ ಮನೆಗೆ ಓಡಿದೆ. ಅಮ್ಮನಂತೂ ಅದನ್ನು ಕಂಡು, "ಅಯ್ಯೋ, ಇದು ಎಲ್ಲಿ ಸಿಕ್ಕಿತು ಮಾರಾಯ್ತಿ!" ಎನ್ನುತ್ತ ಕುಳಿತಲ್ಲಿಂದ ಎದ್ದೇಬಿಟ್ಟಳು. ಮಗ ಹೊರಡುವ ಮುಂಚೆ ಎರಡು ತುತ್ತು ತಿಂದು ಹೋಗಲಿ ಎಂದು ತೆಂಗಿನಕಾಯಿ ತುರಿಯಲು ಕುಳಿತಳು. ಯಾವ ಅಣಬೆ, ತಿನ್ನುವಂಥದ್ದಾ ಎಂದು ನೋಡಲೂ ಇಲ್ಲ. ಆಸೆ ಎಂದರೆ ಹಾಗೆ.

ಅಷ್ಟರಲ್ಲಿ ಅಪ್ಪ ಒಳಗೆ ಬಂದರು. ತಟ್ಟೆಯಲ್ಲಿದ್ದ ಅಣಬೆ ನೋಡಿದರು. ನಾನು ಹೊಗಳಿಕೆಗೆ ಕಾಯುತ್ತ ನಿಂತಿದ್ದೆ. ಅವರು ನನ್ನ ರಟ್ಟೆ ಹಿಡಿದು ಎಳೆದ ಏಟಿಗೆ ನಾನು ನೆಲದಿಂದ ಎದ್ದುಹೋದೆ. "ಎಲ್ಲಿ ಸಿಕ್ಕಿದ್ದು? ಬೊಗಳು!" ಎಂದರು. ಅಪ್ಪ ಹಾಗೆ ಮಾತಾಡುವವರೇ ಅಲ್ಲ. ದೋಣಿಯಲ್ಲಿ, ತೊಟ್ಟಿಯ ಹಿಂದೆ, ಎಂದು ಅಳುತ್ತ ಹೇಳಿದೆ. ಮರ ತಿನ್ನುವ ಬೂಸ್ಟೇ ಬಲಿತು ಹೊರಗೆ ಅಣಬೆಯಾಗಿ ಏಳುತ್ತದೆಂದು ನನಗೇನು ಗೊತ್ತಿತ್ತು! ಅವರು ಬರಿಗಾಲಿನಿಂದ ತಟ್ಟೆಯನ್ನು ಒದ್ದರು. ಅಣಬೆ ಗೋಡೆಗೆ ಬಡಿದು ಚೂರಾಯಿತು. ಮೂಲೆಯಲ್ಲಿದ್ದ ಬಾಚಿ, ಅಂದರೆ ಮರ ಕೆತ್ತುವ ಉದ್ದ ಹಿಡಿಯ ಆಯುಧ, ಅದನ್ನು ಎತ್ತಿಕೊಂಡು ಹೊರಗೆ ಓಡಿದರು. ನಾನು ಅಳುತ್ತಲೇ ಅವರ ಹಿಂದೆ ಓಡಿದೆ.

ದಂಡೆಯಲ್ಲಿ ನೀರು ಆಗಲೇ ಏರುತ್ತಿತ್ತು. ದೋಣಿಯಲ್ಲಿ ದುಡಿಯುವ ಖಲಾಸಿಗಳು ಹಗ್ಗ ಬಿಚ್ಚುತ್ತಿದ್ದರು. ಅಣ್ಣ ಮೇಲೆ ನಿಂತು ನನ್ನತ್ತ ಕೈ ಬೀಸಿದ, ಪಾಪ, ನಾವು ಬೀಳ್ಕೊಡಲು ಬಂದೆವು ಎಂದುಕೊಂಡಿರಬೇಕು. ಅಪ್ಪ ಮೊಣಕಾಲುದ್ದ ನೀರಿಗೆ ಇಳಿದು, "ನಾಖುದಾ, ಮರ ಖಲಾಸ್! ಒಳಗೆ ಎಲ್ಲ ಕೊಳೆತು ಹೋಗಿದೆ, ದೋಣಿ ಬಿಡಬೇಡ!" ಎಂದು ಅರಬ್ಬಿ, ಹಿಂದಿ ಎಲ್ಲ ಬೆರೆಸಿ ಕೂಗಿದರು. ನಾಖುದಾ ಮಿಂಚುವ ಹಲಗೆಗೆ ಅಂಗೈಯಿಂದ ಬಡಿದು ನಕ್ಕ. "ಎಣ್ಣೆ ಹಾಕಿದ್ದು ನೀನೇ ಅಲ್ಲವಾ? ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ. ಯಲ್ಲಾ, ದೂರ ನಿಲ್ಲು" ಎಂದ. ಖಲಾಸಿಗಳೂ ನಕ್ಕರು. ಅಪ್ಪ ಬಾಚಿ ಎತ್ತಿ ದೋಣಿಯ ಪಕ್ಕೆಗೆ, ತೊಟ್ಟಿ ಇದ್ದ ನೇರಕ್ಕೆ, ಬಲವಾಗಿ ಬೀಸಿದರು.

ಎಣ್ಣೆ ಕುಡಿದ ಹೊರಪದರ ಗಟ್ಟಿಯಾಗಿತ್ತು. ಬಾಚಿ ಠಣ್ಣೆಂದು ಪುಟಿದು ಹಿಂದೆ ಬಂತು. ಇನ್ನೊಂದು ಏಟು ಹಾಕುವಷ್ಟರಲ್ಲಿ ಖಲಾಸಿಗಳು ಮೇಲಿನಿಂದ ಧುಮುಕಿದರು. ಒಬ್ಬ ಹುಟ್ಟಿನ ಕೋಲಿನಿಂದ ಬೆನ್ನಿಗೆ ಬಾರಿಸಿದ. ಇನ್ನೊಬ್ಬ ಒದ್ದೆ ಹಗ್ಗವನ್ನು ಮಡಚಿ ಮುಖಕ್ಕೆ ಬೀಸಿದ. ಅಪ್ಪನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವರು ಬೀಳುತ್ತಿದ್ದರು, ನೀರು ಕುಡಿಯುತ್ತಿದ್ದರು, ಎದ್ದು ಮತ್ತೆ ಅದೇ ಜಾಗಕ್ಕೆ ಬಾಚಿ ಹಾಕುತ್ತಿದ್ದರು. ನೀವು ಕೇಳಬಹುದು, ನಿಮ್ಮ ಈ ಅಜ್ಜಿ ಆಗ ಏನು ಮಾಡುತ್ತಿದ್ದಳು ಎಂದು. ಅಜ್ಜಿ ಸುಮ್ಮನೆ ನಿಲ್ಲುವ ಜಾತಿಯವಳೇ? ಹಗ್ಗದವನ ತೋಳಿಗೆ ಜೋತುಬಿದ್ದು ಸಿಕ್ಕಲ್ಲಿ ಕಚ್ಚಿದೆ. ಅವನು ಝಾಡಿಸಿ ಎಸೆದ ರಭಸಕ್ಕೆ ನನ್ನ ಅಲ್ಲಾಡುತ್ತಿದ್ದ ಹಲ್ಲು ಅವನ ತೋಳಿನಲ್ಲೇ ಉಳಿಯಿತು. ಬಾಯಿ ತುಂಬ ರಕ್ತ, ಉಪ್ಪುನೀರು. ನೋವೇನೂ ತಿಳಿಯಲಿಲ್ಲ, ಅಷ್ಟು ಸಿಟ್ಟು ಬಂದಿತ್ತು ನನಗೆ.

ಆಗ ಅಣ್ಣ ಇಳಿದು ಬಂದ. ಬಿಡಿಸಲು ಬಂದ ಎಂದುಕೊಂಡೆ. ಅವನ ಮುಖ ನಾಚಿಕೆಯಿಂದ, ಕೋಪದಿಂದ ಕಪ್ಪಾಗಿತ್ತು. "ನನಗೊಂದು ಕೆಲಸ ಸಿಕ್ಕಿದ್ದು ನಿಮಗೆ ಹೊಟ್ಟೆಕಿಚ್ಚಾಯಿತಾ? ಎಲ್ಲರ ಎದುರು ನನ್ನ ಮರ್ಯಾದೆ ತೆಗಿತೀರಲ್ಲ!" ಎಂದು ಕಿರುಚಿ, ಕೈ ಬೀಸಿ, ಅಪ್ಪನ ಎಡಗಿವಿಗೆ ಹೊಡೆದ. ಆ ಸದ್ದು ಈಗಲೂ ನನಗೆ ಕೇಳಿಸುತ್ತದೆ. ಖಲಾಸಿಗಳೇ ಹೊಡೆಯುವುದನ್ನು ನಿಲ್ಲಿಸಿದರು. ಹುಟ್ಟು ಹಿಡಿದಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. ಮಗ ತಂದೆಯನ್ನು ಹೊಡೆದದ್ದನ್ನು ಅವರು ಯಾರೂ ಕಂಡಿರಲಿಲ್ಲವೋ ಏನೋ.

ಅಪ್ಪ ಅಣ್ಣನ ಕಡೆ ನೋಡಲಿಲ್ಲ. ಎಲ್ಲರೂ ಬೆಪ್ಪಾಗಿ ನಿಂತ ಆ ಗಳಿಗೆಯಲ್ಲಿ ಬಾಚಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಇಳಿಸಿದರು. ಈ ಸಲ ಸದ್ದು ಬರಲಿಲ್ಲ. ಬಾಚಿ ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ಅದರ ಜೊತೆಗೆ ಹಲಗೆ, ಹಲಗೆಯ ಹಿಂದಿನ ತೋಳುದಪ್ಪದ ಪಕ್ಕೆಮರ, ಎಲ್ಲ ಚಹಾದಲ್ಲಿ ನೆನೆದ ರಸ್ಕಿನ ಹಾಗೆ ಕಳಚಿ ಬಿತ್ತು. ತೂತಿನಿಂದ ಕಂದುಬಣ್ಣದ ನೀರು ಹರಿಯಿತು. ನಾಖುದಾ ಇಳಿದು ಬಂದು ಭುಜದವರೆಗೂ ಕೈ ತೂರಿಸಿದ. ಎಲ್ಲಿ ಹಿಡಿದರೂ ಹಿಡಿತುಂಬ ಕುಂಬು. ಈ ದೋಣಿ ದಂಡೆ ಬಿಟ್ಟು ಒಂದು ದಿನ ಹೋಗಿದ್ದರೆ, ತುಂಬಿದ ತೊಟ್ಟಿಯ ಭಾರಕ್ಕೆ, ಮೊದಲ ದೊಡ್ಡ ಅಲೆಗೆ, ಹೊಟ್ಟೆ ಬಿರಿದು ಅಷ್ಟೂ ಜನರ ಜೊತೆ ತಳಕ್ಕೆ ಹೋಗುತ್ತಿತ್ತು. ಅದು ಅವನಿಗೆ ಅರ್ಥವಾಯಿತು. ಅವನಿಗೆ ಹುಚ್ಚು ಹಿಡಿದ ಹಾಗಾಯಿತು. ಅಪ್ಪನ ಕೈಯಿಂದ ಬಾಚಿ ಕಿತ್ತುಕೊಂಡು ದೋಣಿಯ ಒಳಗೆ ಹಾರಿ ಆ ತೊಟ್ಟಿಯನ್ನು ತಾನೇ ಕಡಿದ, ಕಡಿದ, ನೀರೆಲ್ಲ ಸುರಿದು ಹೋಗುವವರೆಗೂ ಕಡಿದ. ಹೊರಗೆ ನಿಂತವರು ಯಾರೂ ತಡೆಯಲಿಲ್ಲ.

ಅಷ್ಟರಲ್ಲಿ ಅಮ್ಮ ಬಂದಳು. ಯಾರೋ ದಾರಿಯಲ್ಲೇ ಹೇಳಿರಬೇಕು, ಬಂದವಳೇ ಅಣ್ಣನ ಕೂದಲು ಹಿಡಿದು ಕೆನ್ನೆ ಕೆನ್ನೆಗೆ ಬಾರಿಸತೊಡಗಿದಳು. ಅಣ್ಣ ಕೈ ಅಡ್ಡ ಹಿಡಿಯಲಿಲ್ಲ. ಹೊಡೆದ ಆ ಬಲಗೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ದೂರ ಚಾಚಿಕೊಂಡು ನಿಂತಿದ್ದ. ಅಪ್ಪ ನೀರಿನಲ್ಲಿ ಕುಳಿತು ರಕ್ತ ಉಗುಳಿ, "ಬಿಡೇ ಅವನನ್ನು. ದಡದಲ್ಲಿ ಇದ್ದಾನಲ್ಲ, ಅಷ್ಟು ಸಾಕು" ಎಂದರು. ಅಮ್ಮ ಏನೋ ಕೇಳಿದಳು. ಅಪ್ಪ, "ಆಂ?" ಎಂದು ಇನ್ನೊಂದು ಕಿವಿ ತಿರುಗಿಸಿದರು. ಎಡಗಿವಿ ಆ ದಿನ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ.

ಮರುದಿನ ಮೈಯೆಲ್ಲ ಬಾಸುಂಡೆ ಹೊತ್ತುಕೊಂಡೇ ಅಪ್ಪ ಆ ದೋಣಿಯ ಬಳಿಗೆ ಹೋದರು. ಕುಂಬನ್ನೆಲ್ಲ ಕಡಿದು ತೆಗೆಯಬೇಕಿತ್ತು. ಅವರು ತಲುಪುವ ಮೊದಲೇ ಅಣ್ಣ ಅಲ್ಲಿ ಕುಳಿತು ಉಳಿಯಿಂದ ಕೆರೆಯುತ್ತಿದ್ದ. ಅಪ್ಪನೂ ಪಕ್ಕದಲ್ಲಿ ಕುಳಿತು ಕಡಿಯತೊಡಗಿದರು. ಹೊಸ ಹಲಗೆಗಳಿಗೆ ಮೈಲುತುತ್ತಿನ ನೀಲಿ ನೀರು ಕುಡಿಸಿದರು, ಅದು ಬೂಸ್ಟಿಗೆ ವಿಷ. ಮರ ತಟ್ಟಿದರೆ ಗಣಗಣ ಎನ್ನುವಷ್ಟು ಒಣಗಲು ಬಿಟ್ಟರು. ಆಮೇಲೆ ಎಣ್ಣೆ ಹಾಕಿದರು. ನಾಖುದಾ ಈ ಸಲ ಅವಸರ ಮಾಡಲಿಲ್ಲ. ಅಣ್ಣನ ಕೈಯಲ್ಲೂ ಬೊಬ್ಬೆ ಎದ್ದವು. ಅವನು ಕಡಲಿಗೆ ಹೋಗಲೇ ಇಲ್ಲ, ಅಪ್ಪನ ಪಕ್ಕದಲ್ಲೇ ಎಣ್ಣೆಯ ಕೆಲಸ ಮಾಡುತ್ತ ಉಳಿದ. ಕಿವಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಖಲಾಸಿಗಳ ಗಲಾಟೆಯಲ್ಲಿ ಯಾರೋ ಹೊಡೆದರು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು.

ಈಗ ನೋಡಿ, ಅಲ್ ಮನ್ಸೂರಾದ ನಮ್ಮ ಈ ಫ್ಲಾಟಿನಲ್ಲಿ ಮರವೆಂಬುದು ಎಲ್ಲಿದೆ? ನಿಮ್ಮ ಬಾಗಿಲು, ಮಂಚ, ಮೇಜು ಎಲ್ಲ ಹುಡಿ ಒತ್ತಿ ಮಾಡಿದ ಹಲಗೆ. ಹಾಳಾದರೆ ಹೊರಗೆ ಎಸೆದು ಬೇರೆ ತರುತ್ತೀರಿ. ದೋಣಿಗಳೂ ಈಗ ಫೈಬರಿನವು. ಪಾರ್ಕಿನ ಬೆಂಚಿಗೆ ಹಾಕಿರುವ ಹಸಿರು ಛಾಯೆಯ ಮರವಿದೆಯಲ್ಲ, ಅದಕ್ಕೆ ಫ್ಯಾಕ್ಟರಿಯಲ್ಲೇ ಯಂತ್ರದಿಂದ ಮದ್ದು ಕುಡಿಸಿರುತ್ತಾರೆ, ಯಾರ ಅಂಗೈಯೂ ಸುಲಿಯುವುದಿಲ್ಲ. ಒಳ್ಳೆಯದೇ ಆಯಿತು, ಆ ಕಾಲ ಮತ್ತೆ ಬರುವುದು ಬೇಡ. ನಿಮಗೆ ಅಪ್ಪನ ಮೇಲೆ ಸಿಟ್ಟು ಬಂದರೆ ಕೋಣೆಯ ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತೀರಿ. ಅರ್ಧ ಗಂಟೆಯಲ್ಲಿ "ಸಾರಿ ಪಪ್ಪಾ" ಎಂದು ಮೆಸೇಜು ಹೋಗುತ್ತದೆ. ನಮ್ಮ ಅಣ್ಣನಿಗೆ ಆ ಮಾತು ಹೇಳಲು ಯಾವತ್ತೂ ಬಾಯಿ ಬರಲಿಲ್ಲ.

ಪ್ರತಿ ಶುಕ್ರವಾರ ನಿಮ್ಮ ದೊಡ್ಡಜ್ಜ ಊಟಕ್ಕೆ ಬಂದಾಗ ನೀವು ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಗುತ್ತೀರಿ, ನನಗೆ ಗೊತ್ತಿಲ್ಲವೆಂದುಕೊಂಡಿರಾ? "ದೊಡ್ಡಜ್ಜ ಯಾಕೆ ಹೀಗೆ ಕಿರುಚಿ ಮಾತಾಡೋದು, ಪಕ್ಕದ ಫ್ಲಾಟಿನವರು ಬಾಗಿಲು ಬಡಿಯುತ್ತಾರೆ" ಎಂದು ದೂರುತ್ತೀರಿ. ದೊಡ್ಡಜ್ಜ ಅಂದರೆ ಬೇರೆ ಯಾರು, ನನ್ನ ಆ ಅಣ್ಣನೇ. ಅಪ್ಪ ಬದುಕಿರುವವರೆಗೂ ಅವನು ದಿನವೂ ಅವರ ಎಡಗಡೆಯೇ ಕುಳಿತು, ಆ ಸತ್ತ ಕಿವಿಗೆ ಕೇಳಲಿ ಎಂದು ಗಂಟಲು ಹರಿಯುವ ಹಾಗೆ ಕೂಗಿ ಮಾತಾಡಿದ. ಬಲಗಡೆ ಕುಳಿತು ಮೆಲ್ಲಗೆ ಹೇಳಬಹುದಲ್ಲ ಎಂದರೆ ಕೇಳುತ್ತಿರಲಿಲ್ಲ, ಆ ಅಭ್ಯಾಸ ಅವನಿಗೆ ಇನ್ನೂ ಬಿಟ್ಟಿಲ್ಲ. ನಾಳೆ ಬಂದಾಗ ನಗಬೇಡಿ, ಕೂಗಲಿ ಬಿಡಿ.